ಮೇಸ್ತ್ರಿ ಮನೆಯ ಸ್ಪೀಕರ್

ಮೇಸ್ತ್ರಿಗೆ ಮಣ್ಣು ಮುಕ್ಕಿಸದೆ ಬಿಡುವುದಿಲ್ಲ ಎಂದು ಅವಳು ಹಲ್ಲು ಕಡಿದದ್ದು ಒಂದು ಗುರುವಾರ ಬೆಳಿಗ್ಗೆ, ಮನೆಯ ಕಂಪ್ಯೂಟರ್ ಮುಂದೆ.

ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಅವಳು ನಮೂನೆ ಕತ್ತರಿಸುವವಳು, ಮೇಸ್ತ್ರಿ ಅಲ್ಲಿನ ಮೇಲ್ವಿಚಾರಕ. ಯಜಮಾನಿ ಇದ್ದದ್ದು ಬೇರೆ ಊರಿನಲ್ಲಿ. ಹಾಗಾಗಿ ವಾರಕ್ಕೊಮ್ಮೆ ಯಜಮಾನಿ, ಮೇಸ್ತ್ರಿ, ಅವಳು ಮೂವರೂ ತಂತಮ್ಮ ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ಸೇರುತ್ತಿದ್ದರು. ಭುಜ ಏರುಪೇರು ಇದ್ದವರಿಗೂ ಒಪ್ಪುವಂತೆ ಕಾಲರಿನ ಕೆಳಗೆ ಮಡಿಕೆ ಇಟ್ಟ ಹೊಸ ಕೋಟು ಅವಳದೇ ಕೈಕೆಲಸ. ಯಜಮಾನಿ ಮೆಚ್ಚಿದರೆ ಕತ್ತರಿ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಆದರೆ ಬಾಯಿ ತೆರೆದದ್ದೇ ತಡ, ಅವಳ ಒಂದೊಂದು ಮಾತೂ ಎರಡೆರಡು ಸಲ ಕೇಳಿಸಿತು.

"ಅಯ್ಯೋ, ತಲೆ ಚಿಟ್ಟು ಹಿಡೀತಿದೆ! ನನ್ನ ಮಾತೂ ನನಗೇ ವಾಪಸ್ ಬರ್ತಿದೆ," ಎಂದರು ಯಜಮಾನಿ.

"ಎಲ್ಲಾ ಈಕೆ ಮನೆಯಿಂದ್ಲೇ ಅಮ್ಮಾವ್ರೇ. ನನಗಂತೂ ಎಲ್ಲಾ ಸರಿಯಾಗಿ ಕೇಳಿಸ್ತಿದೆ," ಎಂದ ಮೇಸ್ತ್ರಿ. "ಈಕೆ ಸ್ವಲ್ಪ ಬಾಯಿ ಮುಚ್ಕೊಂಡಿರ್ಲಿ, ನಾನೇ ವಿವರಿಸ್ತೀನಿ. ನಮೂನೆ ಮಾಡಿದ್ದೂ ನಾನೇ ತಾನೇ?"

ಎಲಾ ಇವನ! ಹಾಡಹಗಲೇ ಕಳ್ಳತನ! ಅವಳು "ಸುಳ್ಳು!" ಎಂದು ಕಿರುಚಿದಳು. ಅದೂ ಎರಡು ಸಲ ಕೇಳಿಸಿತು. ಯಜಮಾನಿ ಅವಳ ಮೈಕ್ ಬಂದ್ ಮಾಡಿದರು. ಸಂಜೆ ಅವಳು ಮೆಸೇಜ್ ಕಳಿಸಿದರೆ, "ಸಾಕ್ಷಿ ಇದ್ದರೆ ಮುಂದಿನ ಗುರುವಾರ ತೋರಿಸಿ, ಅವತ್ತೇ ತೀರ್ಮಾನ," ಎಂಬ ಉತ್ತರ ಬಂತು. ನಮೂನೆಯ ಕಾಗದಗಳೆಲ್ಲಾ ಮೇಸ್ತ್ರಿಯ ಬೀರುವಿನಲ್ಲಿದ್ದವು.

ರೇಡಿಯೋ ರಿಪೇರಿ ಮಾಡುವ ಮೈದುನ ಬಂದು ಅವಳ ಕಂಪ್ಯೂಟರ್ ನೋಡಿದ.

"ಅತ್ತಿಗೆ, ಎರಡೆರಡು ಸಲ ಕೇಳಿಸೋದು ಯಾರಿಗೆ?"

"ನನಗೆ, ಯಜಮಾನಿಗೆ. ಆ ಮೇಸ್ತ್ರಿಗಿಲ್ಲ."

"ಹಾಗಾದ್ರೆ ತೊಂದರೆ ಇರೋದೇ ಅವನ ಮನೇಲಿ. ಅವನ ಸ್ಪೀಕರಿಂದ ಹೊರಡೋ ನಿಮ್ಮ ಮಾತನ್ನ ಅವನ ಮೈಕೇ ಹಿಡಿದು ವಾಪಸ್ ಕಳಿಸ್ತಿದೆ. ಅವನು ಕಿವಿಗೆ ಇಯರ್‌ಫೋನ್ ಹಾಕ್ಕೊಂಡ್ರೆ ಮುಗೀತು. ಒಂದು ಮಾತು ಹೇಳ್ಬಿಡಿ."

"ಹೇಳೋಣ, ಹೇಳೋಣ, ಏನವಸರ?" ಎಂದಳು. ಯಜಮಾನಿ ಹೊಗಳಿದ್ದು ಅಡುಗೆಮನೆವರೆಗೂ ಕೇಳಿಸಬೇಕೆಂದು ಮೇಸ್ತ್ರಿ ಎರಡು ದೊಡ್ಡ ಸ್ಪೀಕರ್ ಇಟ್ಟುಕೊಂಡಿದ್ದ. ಕಾರ್ಖಾನೆಯಲ್ಲಿ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ. ಆ ಅಡುಗೆಮನೆಯಲ್ಲಿ ಇದ್ದವರು ಅವನ ಹೆಂಡತಿ. ಆಕೆಯ ಎಡಭುಜ ತುಸು ಕೆಳಗೆ. ಮಡಿಕೆ ಇಟ್ಟ ಮೊಟ್ಟಮೊದಲ ಕೋಟನ್ನು ಅವಳು ಹೊಲಿದು ಕೊಟ್ಟದ್ದು ಆಕೆಗೇ.

ಗುರುವಾರ ಬಂತು. "ಎಲ್ಲಿ ನಿಮ್ಮ ಸಾಕ್ಷಿ?" ಎಂದರು ಯಜಮಾನಿ. ಅವಳು ಮೈಕಿನ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದಳು.

"ಅಕ್ಕಾ, ಅಡುಗೆಮನೇಲಿ ಇದ್ದೀರಾ? ಆ ಕೋಟು ಎಡಭುಜದಲ್ಲಿ ಇನ್ನೂ ಜಾರುತ್ತಾ?"

ಮೇಸ್ತ್ರಿ ತಡಬಡಾಯಿಸಿ ಮೌಸ್‌ಗೆ ಕೈ ಹಾಕುವಷ್ಟರಲ್ಲಿ ಅವನ ಹಿಂದೆ ಸೌಟು ಹಿಡಿದ ಹೆಂಡತಿ ಪ್ರತ್ಯಕ್ಷ.

"ಯಾರು, ನಮ್ಮ ಕತ್ತರಿ ತಂಗೀನಾ? ಒಂದಿಷ್ಟೂ ಜಾರಲ್ಲಮ್ಮ! ಇವರು ಮೂರು ಕೋಟು ಕೆಡಿಸಿ ಕೈಚೆಲ್ಲಿ ಕೂತಿದ್ರು. ನೀನು ಕಾಲರ್ ಕೆಳಗೆ ಮಡಿಕೆ ಇಟ್ಟೆ ನೋಡು, ನನ್ನ ಭುಜ ಓರೆ ಅನ್ನೋದೇ ಮರೆತುಹೋಯ್ತು!"

ಮೇಸ್ತ್ರಿ ಇಂಗು ತಿಂದ ಮಂಗನಂತೆ ಕೂತ. "ಅಮ್ಮಾವ್ರೇ, ಅದು ಹಾಗಲ್ಲ..." ಎಂದ. ಅವನ ಮಾತು ಎಂದಿನಂತೆ ಒಂದೇ ಸಲ, ಸ್ಪಷ್ಟವಾಗಿ ಕೇಳಿಸಿತು.

"ನೀವು ಸ್ವಲ್ಪ ಬಾಯಿ ಮುಚ್ಕೊಂಡಿರಿ," ಎಂದರು ಯಜಮಾನಿ. "ನಾಳೆಯಿಂದ ಕತ್ತರಿ ವಿಭಾಗ ಆಕೆಯದು."

ಅವಳ ಹೊಟ್ಟೆ ತಣ್ಣಗಾಯಿತು. ಅಯ್ಯೋ ಪಾಪ ಅನ್ನಿಸಲಿಲ್ಲ, ಒಂದು ಚೂರೂ ಅನ್ನಿಸಲಿಲ್ಲ.

"ಮೇಸ್ತ್ರಿಗೆ ಹೇಳಿದ್ರಾ ಅತ್ತಿಗೆ?" ಎಂದು ಸಂಜೆ ಮೈದುನ ಕೇಳಿದ.

"ನಾಳೆ ಹೇಳ್ತೀನಿ," ಎಂದವಳು ಒಂದು ಹಳೆಯ ಇಯರ್‌ಫೋನನ್ನು ಕೋಟಿನ ಬಟ್ಟೆಯ ಚೂರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.