ಬೆಳಕಿನ ಓಣಿಯಲ್ಲಿ ಬಿಳಿ ಕಣ

ಮುಂಬಯಿಯ ಜೋಗೇಶ್ವರಿಯಲ್ಲಿ ಲೋಕಲ್ ರೈಲು ಇಳಿದು ಪ್ರಯೋಗಶಾಲೆ ಮುಟ್ಟಿದ ಕೂಡಲೆ ಗುರುಬಾಯಿ ಮಾಡುತ್ತಿದ್ದ ಮೊದಲ ಕೆಲಸ ಹಣೆಯ ಕುಂಕುಮ ಒರೆಸಿಕೊಳ್ಳುವುದು. ಅಂಗಳದ ನಲ್ಲಿಯ ಹತ್ತಿರ ನಿಂತು ಒದ್ದೆ ಕರವಸ್ತ್ರದಿಂದ ತಿಕ್ಕಿಕೊಂಡು, ಮುಡಿಯ ಹೂವು ತೆಗೆದು ಡಬ್ಬಿಯಲ್ಲಿಟ್ಟು, ಆಮೇಲೆ ಬಿಳಿ ಕೋಟು, ತಲೆಗೆ ಟೊಪ್ಪಿಗೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ದಾದರಿನ ಚಾಳಿಗೆ ಸೊಸೆಯಾಗಿ ಬಂದವಳು. ಮುತ್ತೈದೆ ತನ್ನ ಕೈಯಾರೆ ಹಣೆ ಬರಿದು ಮಾಡಿಕೊಳ್ಳುವುದೆಂದರೆ ಸುಮ್ಮನೆ ಮಾತಲ್ಲ. ದಿನಾ ಮಾಡಿದರೂ ಅದು ರೂಢಿಯಾಗಲಿಲ್ಲ.

ಆದರೆ ನೀಲಕಂಠಪ್ಪ ಸಾಹೇಬರ ಕಟ್ಟಪ್ಪಣೆ ಹಾಗಿತ್ತು. ಒಳಕೋಣೆಗೆ ಕುಂಕುಮ, ಪೌಡರು, ಹೂವು ಯಾವುದೂ ಬರಕೂಡದು.

ನೀಲಕಂಠಪ್ಪ ವಿಜಾಪುರದ ಕಡೆಯವರು, ಪ್ರಯೋಗಶಾಲೆಯ ಹಿರಿಯರು. ಗಾಜಿನ ಎಳೆಯೊಳಗೆ ಬೆಳಕು ಹಾಯಿಸಿ ಟೆಲಿಫೋನಿನ ಮಾತು ಸಾಗಿಸಬಹುದೆಂದು ಪರದೇಶದಿಂದ ಸುದ್ದಿ ಬರುತ್ತಿದ್ದ ಆ ೧೯೭೭ರಲ್ಲಿ ಅವರಿಗೆ ಬೇರೆಯೇ ಹಟ ಹಿಡಿದಿತ್ತು. ಬೆಳಕು ಹುಟ್ಟಿಸುವ ಲೇಸರ್, ಅದು ಹರಿದು ಹೋಗುವ ದಾರಿ, ಎರಡೂ ಒಂದೇ ಹರಳಿನ ಮೇಲೆ ಇರಬೇಕು. ಹರಳೆಂದರೆ ಗ್ಯಾಲಿಯಂ ಆರ್ಸೆನೈಡಿನ ಒಂದು ಕಪ್ಪು ಚೂರು, ಉಗುರಿನಷ್ಟು. ದಾರಿ ಕೂದಲೆಳೆಗಿಂತ ಸಣ್ಣದು. ಸಾಹೇಬರು ಅದನ್ನು ‘ಓಣಿ’ ಎಂದೇ ಕರೆಯುತ್ತಿದ್ದರು. ಹರಳಿಗೆ ತೆಳ್ಳನೆಯ ಲೇಪ ಬಳಿದು, ಅದರಲ್ಲಿ ಓಣಿಯ ಗೆರೆ ಮೂಡಿಸಿ, ಗೆರೆಯ ಅಕ್ಕಪಕ್ಕವನ್ನು ಆಮ್ಲದಿಂದ ಕೊರೆಯುವುದು ಕೆಲಸದ ಕ್ರಮ. ಲೇಪ ಹಸಿಯಿದ್ದಾಗ ಅದರ ಮೇಲೊಂದು ಕಣ ಬಿತ್ತೋ, ಓಣಿ ಅಲ್ಲಿಗೇ ತುಂಡು. ಬೆಳಕು ಅಲ್ಲಿಯವರೆಗೆ ಬಂದು, ದಾರಿ ತಪ್ಪಿ ಚೆಲ್ಲಿಹೋಗುತ್ತಿತ್ತು.

ಕಣವೇನೋ ಬೀಳುತ್ತಲೇ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಳ್ಳಗೆ, ಒರಟಾಗಿ, ಓಣಿಯ ನಟ್ಟನಡುವೆ ಕೂತಿರುತ್ತಿತ್ತು. ಕಿಟಕಿಗೆ ಎರಡು ಪದರ ಬಟ್ಟೆ ಕಟ್ಟಿದರು, ನೆಲ ಒರೆಸಿ ಒರೆಸಿ ಸವೆಸಿದರು, ಗಾಳಿ ಸೋಸುವ ಹೊಸ ಪೆಟ್ಟಿಗೆ ತರಿಸಿದರು. ಕೊನೆಗೆ ಕಣ್ಣು ಬಿದ್ದದ್ದು ಕೋಣೆಯೊಳಗಿದ್ದ ಒಬ್ಬಳೇ ಹೆಂಗಸಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಗುರುಬಾಯಿ ಒಂದೊಂದಾಗಿ ಎಲ್ಲ ಬಿಟ್ಟಳು. ಕಣ ಮಾತ್ರ ಬಿಡಲಿಲ್ಲ.

ದೀಪಾವಳಿ ಮುಂದಿರುವಾಗ ಸಾಹೇಬರು ಅವಳನ್ನು ಕರೆದು ಮೆತ್ತಗೆ ಹೇಳಿದರು. “ತಂಗೀ, ನಿನ್ನ ಕೈಕೆಲಸ ಛಲೋ ಅದ. ಆದ್ರ ಹೆಣ್ಮಕ್ಕಳ ಮೈಗೆ ಏನರೆ ಒಂದು ಅಂಟಿಕೊಂಡ ಇರ್ತದ. ಹಬ್ಬ ಆದ ಮ್ಯಾಲೆ ನೀ ಲೈಬ್ರರಿ ಕೆಲಸ ನೋಡ್ಕೊ. ಒಳಕೋಣ್ಯಾಗ ಬ್ಯಾರೆ ಯಾರನ್ನರೆ ಹಾಕ್ತೀನಿ.”

ಗುರುಬಾಯಿ “ಹೂಂರಿ ಸರ್” ಅಂದು ಹೊರಗೆ ಬಂದಳು. ವಾಪಸು ಬರುವಾಗ ಬಾಂದ್ರಾದ ಗದ್ದಲದಲ್ಲಿ ಯಾರೋ ಕಾಲು ತುಳಿದದ್ದೂ ಅವಳಿಗೆ ತಿಳಿಯಲಿಲ್ಲ. ಹೆಣ್ಣುಮಗಳೊಬ್ಬಳು ಆ ಕೋಣೆಗೆ ಕಾಲಿಡುವುದೇ ಬೇಡವೆಂದು ಎಲ್ಲರೂ ಅಂದಾಗ ಹಟ ಹಿಡಿದು ಸೇರಿಸಿಕೊಂಡವರು ಇದೇ ಸಾಹೇಬರು. ಆ ಉಪಕಾರವಿದ್ದದ್ದರಿಂದಲೇ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ಅವಳಿಗೆ ತೋಚಲಿಲ್ಲ. ಓಣಿ ಕೊರೆಯುವ ಕೆಲಸ ಅವಳಿಗೆ ಜೀವವಾಗಿತ್ತು. ಲೈಬ್ರರಿಯಲ್ಲಿ ಕೂತು ಬೇರೆಯವರು ಕೊರೆದದ್ದನ್ನು ಓದುವುದು ಅವಳಿಂದ ಆಗದ ಮಾತು.

ಮರುದಿನ ಬೆಳಿಗ್ಗೆ ಅತ್ತೆ ಹಾಲವ್ವ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಬಾಗಿಲ ಬೆಳಕಿಗೆ ಕೂತು ಮೊರದಲ್ಲಿ ಕರಿ ಉದ್ದು ಆರಿಸುತ್ತಿದ್ದಳು. ಗುರುಬಾಯಿ ಚಹಾ ಕೊಡಲು ಬಾಗಿದಾಗ ಉದ್ದಿನ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕಿ ಕಂಡವು.

“ಅತ್ತೀ, ಉದ್ದಿಗೆ ಹುಳ ಹತ್ಯಾವೇನ್ರಿ?”

“ಹುಳ ಎಲ್ಲೀವು! ನನ್ನ ಹಣಿ ಮ್ಯಾಲಿನ ವಿಭೂತಿ ಉದರೇದ. ಛಲೋನ ಆತ ಬಿಡು, ಬ್ಯಾಳೀನೂ ಪ್ರಸಾದ ಆತು” ಎಂದು ಹಾಲವ್ವ ನಕ್ಕಳು.

ಗುರುಬಾಯಿ ನಗಲಿಲ್ಲ. ಚಹಾದ ಬಟ್ಟಲು ಕೈಯಲ್ಲಿ ಹಾಗೇ ಉಳಿಯಿತು. ನೀಲಕಂಠಪ್ಪನವರ ಹಣೆ ಕಣ್ಣ ಮುಂದೆ ಬಂತು. ಅಗಲ ಹಣೆ, ಅದರ ಮೇಲೆ ದಪ್ಪನೆಯ ಮೂರು ಪಟ್ಟಿ, ಟೊಪ್ಪಿಗೆಯನ್ನು ಅದಕ್ಕೆ ತಾಗದಂತೆ ಮೇಲಕ್ಕೆ ಸರಿಸಿ ಇಟ್ಟುಕೊಳ್ಳುವ ಅವರ ಅಭ್ಯಾಸ. ಲೇಪ ಬಳಿಯುವಾಗೆಲ್ಲ ಅವರು ಹರಳಿನ ಮೇಲೆ ಬಾಗಿ ನೋಡಲೇಬೇಕು, ಇಲ್ಲದಿದ್ದರೆ ಸಮಾಧಾನವಿಲ್ಲ.

ಇಷ್ಟು ತಿಂಗಳು ಇದು ಇಬ್ಬರಿಗೂ ಹೊಳೆಯಲಿಲ್ಲ ಎಂದರೆ ಯಾರಾದರೂ ನಗಬಹುದು. ಆದರೆ ಹೊಳೆಯುವುದಾದರೂ ಹೇಗೆ? ಅವರು ಹುಟ್ಟಿ ಬೆಳೆದ ಮನೆಗಳಲ್ಲಿ ವಿಭೂತಿ ಎಂದರೆ ಕೊಳೆ ಕಳೆಯುವ ವಸ್ತು. ಕೂಸಿಗೆ ದೃಷ್ಟಿಯಾದರೆ ವಿಭೂತಿ, ಜ್ವರ ಬಂದರೆ ವಿಭೂತಿ. ಕುಂಕುಮ ಕೊಳೆಯಾಗಬಹುದು, ಹೂವು ಕೊಳೆಯಾಗಬಹುದು, ಹೆಂಗಸಂತೂ ಆಗಲೇಬೇಕು. ವಿಭೂತಿಯ ಮೇಲೆ ಮಾತ್ರ ಯಾರ ಸಂಶಯವೂ ಹಾಯುವುದಿಲ್ಲ. ಗುರುಬಾಯಿಯದೂ ಹಾಯ್ದಿರಲಿಲ್ಲ.

ಪೂಜೆಯ ಗೂಡಿನಿಂದ ಒಂದು ಚಿಟಿಕೆ ವಿಭೂತಿಯನ್ನೂ ತನ್ನ ಡಬ್ಬಿಯಿಂದ ಒಂದಿಷ್ಟು ಪೌಡರನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಂಡು ಹೋದಳು. ಸಾಹೇಬರು ಬರುವ ಮೊದಲೇ ಅದಕ್ಕೆ ಒಂದು ಹನಿ ಆಮ್ಲ ಬಿಟ್ಟು ನೋಡಿದಳು. ಸಣ್ಣ ಸಣ್ಣ ಗುಳ್ಳೆ ಎದ್ದವು. ಕೆಟ್ಟುಹೋದ ಹರಳಿನ ಬಿಳಿ ಕಣಕ್ಕೆ ಬಿಟ್ಟಳು, ಅಲ್ಲೂ ಅದೇ ಗುಳ್ಳೆ. ತನ್ನ ಪೌಡರಿಗೆ ಬಿಟ್ಟಳು. ಅದು ಸುಮ್ಮನೆ ನೆನೆದು ಕೂತಿತು.

ಗೊತ್ತಾದದ್ದೇನೋ ಸರಿ, ಆದರೆ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು. ಹೇಳಿದರೆ ತಂದೆಯಂಥ ಮನುಷ್ಯನ ನಂಬಿಕೆಗೆ ಕೈ ಹಾಕಿದಂತೆ. ಹೇಳದಿದ್ದರೆ ಹಬ್ಬ ಕಳೆದ ಮೇಲೆ ಈ ಬಾಗಿಲು ತನಗೆ ಮುಚ್ಚಿದಂತೆ. ಜೊತೆಗೆ ಓಣಿಯೂ ಎಂದೆಂದಿಗೂ ತುಂಡಾಗಿಯೇ ಇರುತ್ತದೆ. ಕೊನೆಗೆ ಅವಳಿಗೆ ಧೈರ್ಯ ಕೊಟ್ಟದ್ದು ಆ ಓಣಿಯೇ.

ಸಾಹೇಬರು ಬಂದರು. ಒಂದೊಂದು ಬಿಳಿ ಕಣ ಇಟ್ಟ ಎರಡು ಗಾಜಿನ ಚೂರು ತೋರಿಸಿ, ಎರಡಕ್ಕೂ ಅವರ ಎದುರೇ ಹನಿ ಬಿಟ್ಟಳು. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದರು.

“ಎರಡೂ ಒಂದ ಅದಾವಲ್ಲ. ಇದೇನು?”

“ಒಂದು ಹರಳಿನ ಮ್ಯಾಲಿನ ಕಣ ರೀ. ಇನ್ನೊಂದು ನಮ್ಮ ಮನೀ ವಿಭೂತಿ.”

ಸಾಹೇಬರು ಥಟ್ಟನೆ ತಲೆ ಎತ್ತಿದರು. “ಅಂದ್ರ ನೀ ವಿಭೂತಿ ಹಚ್ಕೊಂಡು ಒಳಗ ಬರ್ತಿದ್ದಿ! ಅದನ್ನ ಮುಂಚೇನ ಹೇಳಬಾರದೇನು?”

“ನಾ ಹಚ್ಕೊಂಡು ಬರಂಗಿಲ್ರಿ ಸರ್.” ಅವಳು ಇನ್ನೊಂದು ಹರಳು ತೆಗೆದು ಅವರ ಮುಂದಿಟ್ಟಳು. “ಮೊನ್ನೆ ನೀವು ಮೀಟಿಂಗಿಗೆ ಹೋದಾಗ ನಾ ಒಬ್ಬಾಕಿನ ಲೇಪ ಬಳದಿದ್ದೆ. ಇವತ್ತ ಮುಂಜಾನೆ ತೆಗದು ನೋಡಿದೆ, ಅದರಾಗ ಒಂದು ಕಣಾನೂ ಇಲ್ರಿ. ನೋಡ್ರಿ ಬೇಕಾದ್ರ.”

ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈ ತಾನಾಗಿ ಹಣೆಯ ಕಡೆ ಹೋಗಿ, ಮುಟ್ಟದೆ ಕೆಳಗಿಳಿಯಿತು.

“ಹಣಿಗೆ ಬಟ್ಟಿ ಕಟ್ಕೊಂಡ್ರ ಹೆಂಗ?” ಅಂದರು.

“ಬಟ್ಟಿ ತಿಕ್ಕಿ ಇನ್ನೂ ಉದರತದ್ರಿ.”

ಸಾಹೇಬರು ಸ್ಟೂಲಿನ ಮೇಲೆ ಕೂತರು. “ಗುರುಬಾಯಿ, ಏಳು ವರ್ಷದವ ಇದ್ದಾಗ ನಮ್ಮಪ್ಪ ಹಚ್ಚಿದ್ದು. ಅಂದಿನಿಂದ ಒಂದು ದಿನಾನೂ ಈ ಹಣಿ ಬರೇದಾಗಿಲ್ಲ. ಅಳಸಾಕ ಮನಸ ಹೆಂಗ ಬರತದವಾ?”

ಗುರುಬಾಯಿಗೆ ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಇಷ್ಟು ದಿನ ಇಳಿಸಲು ಜಾಗ ಸಿಗದಿದ್ದ ಸಿಟ್ಟೂ ಬಂತು.

“ನನಗ ಹೆಂಗ ಬಂತ್ರಿ ಸರ್?”

ಅಷ್ಟೇ ಅಂದಳು. ಅಂದವಳೇ ಹೆದರಿದಳು. ಸಾಹೇಬರು ಎದ್ದು ಹೊರಗೆ ಹೋದರು. ಇನ್ನು ಅವರು ತನ್ನ ಮುಖ ನೋಡುವುದಿಲ್ಲ, ಕೆಲಸ ಹೋಯಿತು, ಋಣವೂ ಹರಿಯಿತು ಎಂದು ಅವಳು ಮೇಜು ಹಿಡಿದು ನಿಂತಳು. ಅಂಗಳದಲ್ಲಿ ನಲ್ಲಿಯ ನೀರು ಬೀಳುವ ಸದ್ದು ಕೇಳಿತು.

ತಿರುಗಿ ಬಂದಾಗ ಅವರ ಹಣೆ ತೊಯ್ದಿತ್ತು, ಬರಿದಾಗಿತ್ತು. ಯಾರೋ ತೀರಿಹೋದ ಮನೆಯಿಂದ ಬಂದವರ ಹಾಗೆ ಕಂಡರು. ಗೆದ್ದೆ ಎಂಬ ಖುಷಿ ಗುರುಬಾಯಿಯ ಹತ್ತಿರ ಸುಳಿಯಲಿಲ್ಲ. ಅವರ ಕಡೆ ನೋಡಲಾರದೆ ಹರಳಿನ ಪೆಟ್ಟಿಗೆ ತೆರೆದಳು.

“ಲೇಪ ಬಳಿ” ಎಂದರು ಸಾಹೇಬರು. ಲೈಬ್ರರಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಆ ಹರಳು ಕೊರೆದು, ತಂತಿ ಬೆಸೆದು ಅಣಿಯಾದಾಗ ದೀಪಾವಳಿ ಕಳೆದಿತ್ತು. ಲೇಸರಿನ ಆ ಬೆಳಕು ಬರಿಗಣ್ಣಿಗೆ ಕಾಣುವಂಥದಲ್ಲ. ಓಣಿಯ ಕೊನೆಗೆ ಕ್ಯಾಮೆರಾ ಹಿಡಿದು ಟೀವಿಯ ಪರದೆಯಲ್ಲಿ ನೋಡಬೇಕು. ಗುರುಬಾಯಿ ವಿದ್ಯುತ್ತು ಏರಿಸುತ್ತ ಹೋದಳು. ಪರದೆಯ ಮಬ್ಬಿನಲ್ಲಿ ಒಂದು ಚುಕ್ಕಿ ಮೂಡಿತು. ಏರಿಸಿದಷ್ಟೂ ಅದು ಗಟ್ಟಿಯಾಯಿತು. ಚೆಲ್ಲಲಿಲ್ಲ, ಒಡೆಯಲಿಲ್ಲ. ಬೆಳಕು ಹುಟ್ಟಿದ ಹರಳಿನಲ್ಲೇ ಓಣಿ ಹಿಡಿದು ಆ ತುದಿಯಿಂದ ಈ ತುದಿಗೆ ಬಂದಿತ್ತು.

“ಬಂತ್ರಿ ಸರ್!” ಎಂದು ಅವಳು ಕೂಗಿಯೇ ಬಿಟ್ಟಳು.

ಸಾಹೇಬರು ಪರದೆ ನೋಡಿದರು, ತಲೆಯಾಡಿಸಿದರು. ಅವರ ಕಣ್ಣು ಒದ್ದೆಯಾಗಿದ್ದವು. ಆಮೇಲೆ ಬೇರೇನೋ ಕೇಳಿದರು.

“ನೀ ಮೊದಲನೇ ದಿನ ಕುಂಕುಮ ಒರಸ್ಕೊಂಡ ಬಂದಾಗ ನಾ ಏನೋ ಅಂದಿದ್ದೆ. ನೆನಪದ ಏನು?”

“ನೆನಪದ ರೀ” ಅಂದಳು ಗುರುಬಾಯಿ. “ಈಗ ಸ್ವಚ್ಛ ಆದಿ ಅಂದಿದ್ರಿ.”

“ಹೂಂ. ಅದನ್ನ ಅಂದಿದ್ದೆ.”

ಹೋಗಲಿ ಬಿಡ್ರಿ ಎಂಬ ಮಾತು ಅವಳ ತುಟಿಯ ತನಕ ಬಂದಿತ್ತು. ಹಿರಿಯರು ಇಷ್ಟು ತಗ್ಗಿದಾಗ ಮನೆಯ ಮಗಳಾದವಳು ಅನ್ನಬೇಕಾದದ್ದು ಅದೇ. ಅವಳು ಅದನ್ನು ಅನ್ನಲಿಲ್ಲ.

“ಅವತ್ತ ಭಾಳ ನೋವಾಗಿತ್ರಿ ಸರ್” ಅಂದಳು.