ಮಿಲ್ಟ್ರಿ ಮಾಳಪ್ಪನ ಮುಯ್ಯಾಳು

ಯುದ್ಧ ಮುಗಿದು ನಾನು ಊರಿಗೆ ಬಂದ ದಿನ ಗೌಡರ ಮಹಾಲಿಂಗಪ್ಪ ಚಾವಡಿಯ ಕಟ್ಟೆಗೆ ಕಂಬಳಿ ಹಾಸಿಸಿ ಅದರ ಮೇಲೆ ನನ್ನನ್ನು ಕೂರಿಸಿದರು. ಯಲವಿಗಿ ಸ್ಟೇಶನ್ನಿನಲ್ಲಿ ರೈಲು ಇಳಿದು, ಸವಣೂರು ಹಾಯ್ದು, ಬಂಕಾಪುರದ ಕೋಟೆ ದಾಟಿ ಬರುವ ತನಕ ನಾನು ಬಯಸಿದ್ದು ಒಂದೇ. ಗೆಳೆಯ ಶಂಕ್ರಪ್ಪ ಎದುರಿಗೆ ಬಂದು ಬೆನ್ನಿಗೊಂದು ಗುದ್ದು ಹಾಕಿ, "ಸತ್ತಿ ಅಂದ್ಕೊಂಡಿದ್ವಲ್ಲೋ ಮಾಳ್ಯಾ" ಅನ್ನಬೇಕು. ಶಂಕ್ರಪ್ಪ ಬಂದ. ದೂರದಲ್ಲೇ ನಿಂತು ಕೈ ಮುಗಿದ.

"ಆರಾಮ ಅದೀರೇನ್ರಿ ಮಾಳಪ್ಪನವರ?" ಎಂದ.

ಒಂದೇ ಹಳ್ಳದಲ್ಲಿ ಎಮ್ಮೆ ತೊಳೆದು, ಒಂದೇ ಗಿಡದ ಹುಣಸೆಕಾಯಿ ಕದ್ದು ಬೆಳೆದವರು ನಾವು. ಅವನ ಬಾಯಲ್ಲಿ ಈಗ ಈ ಮರ್ಯಾದೆ.

"ಜಪಾನದವರನ್ನ ಹೆಂಗ ಬಡದ್ರು ಅನ್ನೂದು ಇವರ ಬಾಯಿಲೇ ಕೇಳ್ರಿ" ಎಂದು ಗೌಡರು ಮಂದಿಗೆ ಹೇಳಿದರು.

ನನಗೆ ಹೇಳಬೇಕಾದದ್ದು ಬೇರೆ ಇತ್ತು. ನನ್ನ ಜೊತೆ ಇದೇ ಊರಿನಿಂದ ಪಲ್ಟಣ ಸೇರಿದ ಅಜ್ಜಪ್ಪ ಬರ್ಮಾದ ಗುಡ್ಡದಲ್ಲಿ ಸತ್ತಿದ್ದ. ಯುದ್ಧದಲ್ಲಿ ಬಿದ್ದ ಎಂದಷ್ಟೇ ಊರಿಗೆ ಸುದ್ದಿ ಬಂದಿತ್ತು. ಗುಂಡು ತಾಗಿ ಬಿದ್ದವನಲ್ಲ ಅವನು. ನಮಗೆ ಕವಾಯತು ಕಲಿಸಿದ್ದು ಕಟ್ಟಿಗೆಯ ಬಂದೂಕಿನಲ್ಲಿ. ನಿಜವಾದ ಬಂದೂಕು ಮೂವರಿಗೆ ಒಂದು. ಬೂಟಿನ ಗತಿಯೂ ಅದೇ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ನೇಗಿಲ ಹಿಂದೆ ನಡೆದ ಅಜ್ಜಪ್ಪನ ಪಾದ ಮೊರದಷ್ಟು ಅಗಲ. ಅದಕ್ಕೆ ಹೊಂದುವ ಬೂಟು ಇರಲಿಲ್ಲ. ಮುಂದಿನ ಸಾಮಾನಿನ ಲಾಟಿನಲ್ಲಿ ಬರುತ್ತದೆ ಎಂದರು. ಮುಂದಿನ ಲಾಟು ಬಂತು, ಅದರಲ್ಲಿ ಬೂಟು ಬರಲಿಲ್ಲ. ಅದರ ಬದಲು ಸಾಹೇಬರು ಬಂದು, ನೀವು ಶೂರರು, ಇಡೀ ದೇಶ ನಿಮ್ಮನ್ನು ಕೊಂಡಾಡುತ್ತಿದೆ ಎಂದು ಭಾಷಣ ಮಾಡಿದರು. ಅಜ್ಜಪ್ಪ ಕಾಲಿಗೆ ಗೋಣಿತಾಟು ಸುತ್ತಿಕೊಂಡು ಗುಡ್ಡ ಹತ್ತಿದ. ಕಡಿದ ಬಿದಿರಿನ ಬೊಡ್ಡೆ ನಟ್ಟು ಕಾಲು ಕೊಳೆಯಿತು. ಔಷಧವೂ ಮುಂದಿನ ಲಾಟಿಗೇ ಇತ್ತು.

"ಗೌಡ್ರ, ನಮಗ ಬೂಟ ಸೈತ ಇರಲಿಲ್ರಿ" ಎಂದು ಶುರುಮಾಡಿದೆ. "ಅಜ್ಜಪ್ಪ..."

ಗೌಡರು ನಕ್ಕುಬಿಟ್ಟರು. "ನೋಡ್ರಿ, ಶೂರರು ತಮ್ಮ ದೊಡ್ಡಸ್ತಿಕಿ ತಾವ ಹೇಳ್ಕೊಳ್ಳೂದಿಲ್ಲ" ಎಂದು ಚೆಂಡುಹೂವಿನ ಮಾಲೆ ಹಾಕಿದರು. ಕೊರಳು ತುಂಬಿದ ಮೇಲೆ ಮಾತಿಗೆಲ್ಲಿ ಜಾಗ?

ಮಂದಿಯ ಹಿಂದೆ ಕಂಬಕ್ಕೆ ಒರಗಿ ಅಜ್ಜಪ್ಪನ ತಾಯಿ ಚೌಡವ್ವ ನಿಂತಿದ್ದಳು. ಅವಳ ಕಣ್ಣು ತಪ್ಪಿಸಿ ಮನೆಗೆ ಬಂದೆ. ಮನೆಯೆಂದರೆ ಬೀಗ. ನಾನು ದೂರ ಇದ್ದಾಗಲೇ ಅವ್ವ ತೀರಿಕೊಂಡಿದ್ದಳು. ಪಲ್ಟಣ ಬಿಡುವಾಗ ಸರಕಾರ ಕೊಟ್ಟ ಹೊಸ ಬೂಟನ್ನು ಚೀಲದಿಂದ ತೆಗೆದು ಗೂಡಿನಲ್ಲಿಟ್ಟೆ. ಯುದ್ಧ ಮುಗಿದ ಮೇಲೆ ಬೂಟಿನ ಲಾಟು ಬಂದಿತ್ತು ನೋಡಿ, ಅಗಲ ಪಾದದ ಅಳತೆಯವೂ ಅದರಲ್ಲಿದ್ದವು.

ನಮ್ಮೂರಿನಲ್ಲಿ ಸುಗ್ಗಿ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹಾಗೆ ಬಂದು ಹೋಗುವವರಿಗೆ ಮುಯ್ಯಾಳು ಎನ್ನುತ್ತಾರೆ. ಅದು ಕೂಲಿಯೂ ಅಲ್ಲ, ಉಪಕಾರವೂ ಅಲ್ಲ. ಮುಯ್ಯಿ ಇದ್ದವನು ಊರಿನವನು, ಇಲ್ಲದವನು ಬಂದುಹೋಗುವವನು. ಬರ್ಮಾದ ಮಳೆಯಲ್ಲಿ ನಾನು ಮತ್ತೆ ಮತ್ತೆ ನೆನೆದದ್ದು ಅದನ್ನೇ. ಸಾಲಾಗಿ ಬಗ್ಗಿದ ಬೆನ್ನುಗಳು, ಒಬ್ಬರ ಹಾಡಿಗೆ ಇನ್ನೊಬ್ಬರ ಚೇಷ್ಟೆ, ಬೇವಿನ ಗಿಡದ ಕೆಳಗೆ ರೊಟ್ಟಿ, ಖಾರದ ಶೇಂಗಾಹಿಂಡಿ, ಹಸಿ ಉಳ್ಳಾಗಡ್ಡಿ. ಆ ಸಾಲಿನಲ್ಲಿ ಮತ್ತೆ ಒಬ್ಬನಾದರೆ ಸಾಕು, ಬದುಕಿ ಬಂದದ್ದಕ್ಕೆ ಅರ್ಥ ಬಂತು ಎಂದುಕೊಂಡಿದ್ದೆ.

ಜೋಳ ಕೊಯ್ಲಿಗೆ ಬಂತು. ಇಷ್ಟು ವರ್ಷ ನನ್ನ ಹೊಲವನ್ನು ಶಂಕ್ರಪ್ಪನೇ ಬಿತ್ತಿ ನೋಡಿಕೊಂಡಿದ್ದ. ಕುಡಗೋಲು ಹಿಡಿದು ಹೋದರೆ ಊರೇ ಅಲ್ಲಿತ್ತು. ನಸುಕಿನಲ್ಲೇ ಬಂದು ಅರ್ಧ ಹೊಲ ಕೊಯ್ದಿದ್ದರು. ಗಿಡದ ಕೆಳಗೆ ನನಗೆಂದು ಕಂಬಳಿ ಹಾಸಿತ್ತು.

"ನೀವು ಅಲ್ಲೇ ಕುಂದರ್ರಿ" ಎಂದ ಶಂಕ್ರಪ್ಪ.

ಕೂತೆ. ನನ್ನ ಹೊಲದಲ್ಲಿ ನಾನೇ ಬೀಗನಾದೆ. ಮಧ್ಯಾಹ್ನ ಅವರೆಲ್ಲ ಗುಂಪಾಗಿ ಕೂತು ಅಂಗೈಮೇಲೆ ರೊಟ್ಟಿ ಹಿಡಿದು ತಿಂದರು. ನನಗೆ ಬೇರೆ ಹಿತ್ತಾಳೆಯ ತಾಟು ಬಂತು. ಯಾರೋ ಏನೋ ಚೇಷ್ಟೆ ಮಾಡಿ ಎಲ್ಲರೂ ನಕ್ಕರು. ನಾನೂ ನಗಬೇಕೆಂದು ಹತ್ತಿರ ಹೋದೆ. ನಗೆ ನಿಂತಿತು, ಹೆಂಗಸರು ಸೆರಗು ಸರಿಮಾಡಿಕೊಂಡರು.

ಮರುದಿನ ಮುಯ್ಯಿ ತೀರಿಸಲು ಶಂಕ್ರಪ್ಪನ ಹೊಲಕ್ಕೆ ಹೋದೆ. ಅವನು ನನ್ನ ಕೈಯಿಂದ ಕುಡಗೋಲು ಕಸಿದುಕೊಂಡ.

"ನಿಮ್ಮಂಥವರ ಕಡಿಂದ ದುಡಿಸಿದ್ರ ಊರ ಮಂದಿ ನನಗೇನಂತಾರ್ರಿ?"

"ಶಂಕ್ರ್ಯಾ, ನಿನ್ನೆ ನೀ ಬಂದಿದ್ದಿ. ಇವತ್ತು ನನ್ನ ಪಾಳಿ ಅಲ್ಲೇನೋ?"

"ಅದಕ್ಕ ಪಾಳಿ ಎಲ್ಲಿದ್ರಿ? ಅದು ನಿಮಗ ಊರು ಮಾಡಿದ ಸೇವಾ."

ಬೇರೆ ಹೊಲಗಳಿಗೂ ಹೋಗಿ ನೋಡಿದೆ. ಎಲ್ಲಿ ಹೋದರೂ ಕಂಬಳಿ ಹಾಸಿದರು. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎನ್ನುತ್ತಾರೆ. ಇಸಗೊಂಡು ಇಸಗೊಂಡೇ ಕೋಡಂಗಿಯಾದವನು ನಾನೊಬ್ಬನೇ ಇರಬೇಕು. ನನಗೆ ಸಿಟ್ಟು ಬಂತು. ಇವರಿಗೂ ಆ ಸಾಹೇಬರಿಗೂ ಏನು ಫರಕು? ಅವರು ಬೂಟಿನ ಬದಲು ಹೊಗಳಿಕೆ ಕೊಟ್ಟರು, ಇವರು ಮುಯ್ಯಿಯ ಬದಲು ಅದನ್ನೇ ಕೊಟ್ಟರು. ಸಿಟ್ಟು ಇಳಿದ ಮೇಲೆ ಅಳು ಬಂತು. ಬರ್ಮಾದಲ್ಲಿಯೂ ನಾನು ಇಷ್ಟು ಒಬ್ಬಂಟಿಯಾಗಿರಲಿಲ್ಲ. ಅಲ್ಲಿ ಅಜ್ಜಪ್ಪನ ನರಳಾಟವಾದರೂ ಪಕ್ಕದಲ್ಲಿತ್ತು.

ಊರಿನ ಜೋಳವೆಲ್ಲ ಕೊಯ್ದಾದರೂ ಹಳ್ಳದ ದಂಡೆಯ ಒಂದು ಹೊಲ ಮಾತ್ರ ಹಾಗೇ ನಿಂತಿತ್ತು. ಚೌಡವ್ವನದು. ಮುಯ್ಯಿಗೆ ಕಳಿಸಲು ಅವಳ ಮನೆಯಲ್ಲಿ ಯಾರಿದ್ದಾರೆ? ತಮ್ಮ ಕೆಲಸ ಮುಗಿದ ಮೇಲೆ ಊರವರು ಕನಿಕರಪಟ್ಟು ಕೊಯ್ದುಕೊಡುತ್ತಿದ್ದರು, ಅಷ್ಟರಲ್ಲಿ ಅರ್ಧ ತೆನೆ ಗುಬ್ಬಿಯ ಪಾಲು. ಅವಳನ್ನು ಎದುರಿಸಲು ನನಗೆ ಹೆದರಿಕೆ. ಆದರೂ ಒಂದು ಮುಂಜಾನೆ ಹೋಗಿ ಯಾರನ್ನೂ ಕೇಳದೆ ಕೊಯ್ಯತೊಡಗಿದೆ.

ಹೊತ್ತು ಏರಿದಾಗ ಚೌಡವ್ವ ಬುಟ್ಟಿ ಹೊತ್ತು ಬಂದಳು. ನೋಡಿದಳು. ಕಂಬಳಿ ಹಾಸಲಿಲ್ಲ.

"ಬುಡಕ್ಕ ಹಚ್ಚಿ ಕೊಯ್ಯೋ ಮಾಳ್ಯಾ. ಅಷ್ಟು ಉದ್ದ ಕೂಳೆ ಬಿಟ್ರ ದನಕ್ಕ ಏನ್ ಹಾಕ್ಲಿ?"

ಎಷ್ಟು ದಿನದ ಮೇಲೆ ಒಬ್ಬರು ನನ್ನನ್ನು ಬೈದರು. ನಾನು ಇನ್ನಷ್ಟು ಬಗ್ಗಿದೆ. ಅವಳೂ ಪಕ್ಕದ ಸಾಲು ಹಿಡಿದಳು. ಸ್ವಲ್ಪ ದೂರ ಹೋದ ಮೇಲೆ ತಲೆ ಎತ್ತದೆ ಕೇಳಿದಳು.

"ಅವನ ಕಾಲಾಗ ಬೂಟಿತ್ತೇನೋ? ಹೋಗೂ ಮುಂದ ಹೇಳಿದ್ದ, ಸರಕಾರ ಬೂಟ ಕೊಡತೈತಿ, ಇನ್ನ ನನಗ ಮುಳ್ಳ ನಡೂದಿಲ್ಲವ್ವಾ ಅಂತ."

ಸುಳ್ಳು ಹೇಳಬಹುದಿತ್ತು. ಇಡೀ ಊರು ನನ್ನಿಂದ ಸುಳ್ಳನ್ನೇ ಬೇಡುತ್ತಿತ್ತು. ಇವಳೊಬ್ಬಳು ನಿಜ ಕೇಳಿದ್ದಳು.

"ಇರಲಿಲ್ಲಬೇ" ಎಂದೆ. ಗೋಣಿತಾಟು, ಬಿದಿರಿನ ಬೊಡ್ಡೆ, ಬಾರದ ಔಷಧ, ಎಲ್ಲವನ್ನೂ ಹೇಳಿದೆ. "ಕಡೀಕ ನನ್ನ ತೊಡಿಮ್ಯಾಲ ತಲಿ ಇಟ್ಕೊಂಡಿದ್ದ" ಎಂದೂ ಹೇಳಿದೆ.

ಅವಳ ಕುಡಗೋಲು ನಿಂತಿತು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಕೊಯ್ದಳು. ಮಧ್ಯಾಹ್ನ ಬುಟ್ಟಿಯಿಂದ ರೊಟ್ಟಿ ತೆಗೆದು ಹಿಂಡಿ ಹಾಕಿ ನನ್ನ ಅಂಗೈಮೇಲಿಟ್ಟಳು. ನಾವಿಬ್ಬರೂ ಜೊತೆಗೆ ಕೂತು ತಿಂದೆವು.

ಸಂಜೆ ಹೊರಡುವಾಗ ಹೇಳಿದಳು, "ನಾಳಿ ನಿನ್ನ ಹೊಲಕ್ಕ ನಾ ಬರ್ತೇನಿ. ಮುಯ್ಯಿ ಉಳಿಸ್ಕೊಳ್ಳಾಕಿ ಅಲ್ಲ ನಾನು."

ನನ್ನ ಹೊಲದಲ್ಲಿ ಕೊಯ್ಯಲು ಒಂದು ದಂಟೂ ಉಳಿದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. "ಬಾ" ಎಂದೆ.

ಮರುದಿನ ಬಂದಳು. ಬರೀ ಕೂಳೆಯ ಹೊಲ. ಇಬ್ಬರೂ ಬಗ್ಗಿ ಕೂಳೆ ಕಿತ್ತು ಗುಡ್ಡೆ ಹಾಕತೊಡಗಿದೆವು. ಅವಳ ಪಾದವೂ ಅಗಲ, ಮಗನದೇ ಪಾದ. ಕೂಳೆ ಚುಚ್ಚಿ ರಕ್ತ ಬಂದರೆ ಮಣ್ಣು ಒತ್ತಿಕೊಂಡು ಮುಂದೆ ಹೋಗುತ್ತಿದ್ದಳು.

"ನಿನ್ನ ಬೂಟು ಎಲ್ಲೋ?" ಎಂದಳು, ನನ್ನ ಬರಿಗಾಲು ನೋಡಿ.

"ಮನ್ಯಾಗ ಅದಾವ."

"ಇರ್ಲಿ ಬಿಡು" ಎಂದಳು.

ದಾರಿಯಲ್ಲಿ ಗೌಡರ ಗಾಡಿ ಬಂತು. ಅವರು ಎತ್ತು ನಿಲ್ಲಿಸಿ ನನಗೆ ಕೈ ಮುಗಿದರು. ಆಮೇಲೆ ಚೌಡವ್ವನ ಕಡೆ ತಿರುಗಿ, "ಸುಗ್ಗಿ ಮುಗದೈತಿ, ಏನ್ ಮಾಡಾಕತ್ತೀಬೇ ಇಲ್ಲಿ?" ಎಂದು ಕೇಳಿದರು.

"ಮಾಳ್ಯಾನ ಮುಯ್ಯಾಳು ಬಂದೇನ್ರಿ" ಎಂದಳು ಅವಳು, ಬೆನ್ನು ಎತ್ತದೆ.