ಆರು ಮಂದಿಯ ದೋಣಿ, ಎಂಟು ಕುದುರೆಯ ಇಂಜಿನ್ನು

ಗುದ್ಲೆಪ್ಪ ಎತ್ತಿನ ಗಾಡಿ ಹೊಡೆಯುವುದರಲ್ಲಿ ಹಾನಗಲ್ಲ ತಾಲೂಕಿಗೇ ಹೆಸರಾದವನು. ಅಂಥವನು ಅರವತ್ತೆರಡನೇ ಇಸವಿಯ ಶ್ರಾವಣದಲ್ಲಿ ಒಂದು ಹಳೇ ದೋಣಿ ಕೊಂಡು ತಂದಾಗ ಹೆಂಡತಿ ಸಾವಂತ್ರವ್ವನ ಎದೆ ಧಸಕ್ಕೆಂದಿತು. ಅವನಿಗೂ ಕಾರಣವಿತ್ತು, ಪಾಪ. ವರದಾ ತುಂಬಿ ಹರಿಯುತ್ತಿತ್ತು, ಹೊಳೆ ದಾಟಿಸುವ ಊರಿನ ಹರಿಗೋಲು ತೊಗಲು ಹರಿದು ಬಿದ್ದಿತ್ತು, ಮಗಳು ಮಾದೇವಿಯ ನಿಶ್ಚಯಕ್ಕೆಂದು ಬೀಗರು ತಿಳವಳ್ಳಿಯಿಂದ ಆಚೆ ದಂಡೆಗೆ ಬರುವವರಿದ್ದರು. ಇಷ್ಟು ಒಳ್ಳೆಯ ಸಂಬಂಧ ಹೊಳೆಯಾಚೆಗೇ ಉಳಿದುಬಿಟ್ಟರೆ ಎಂದು ಸಾವಂತ್ರವ್ವನಿಗೂ ನಿದ್ದೆ ಹತ್ತಿರಲಿಲ್ಲ.

ದೋಣಿ ಮಾರಿದ ಬಂದೇಸಾಬ ಬಿಡಿಸಿ ಹೇಳಿದ್ದ. ಆರು ಮಂದಿ ಕುಳಿತರೆ ಮುಗಿಯಿತು. ಇಂಜಿನ್ನು ಹಚ್ಚುವುದಾದರೆ ಮೂರು ಎಚ್‌ಪಿ ಮೀರಬಾರದು, ಅದರ ಭಾರವೂ ಮಂದಿಯ ಲೆಕ್ಕದಲ್ಲೇ ಬರುತ್ತದೆ. ಗುದ್ಲೆಪ್ಪ ಎಲ್ಲಕ್ಕೂ ಹೂಂ ಅಂದು, ಊರಿಗೆ ಬಂದು, ಕಬ್ಬಿನ ಗಾಣದ ಎಂಟು ಎಚ್‌ಪಿ ಇಂಜಿನ್ನಿಗೇ ನೀರು ತಳ್ಳುವ ರೆಕ್ಕೆ ಹಚ್ಚಿಸಿ ದೋಣಿಯ ಹಿಂದೆ ಕೂರಿಸಿದ. ಈ ಸೆಳವಿಗೆ ಮೂರು ಕುದುರೆ ಯಾವ ಮೂಲೆಗೆ ಎಂಬುದು ಅವನ ವಾದ.

ದೋಣಿಯ ಹಿಂಬದಿ ಕುಸಿಯಿತು. ಗಾಡಿ ಹಿಂಭಾರವಾದರೆ ಮುಂದೆ ಹೇರುವುದು ಅವನಿಗೆ ಬರುತ್ತಿದ್ದ ವಿದ್ಯೆ. ಹೆಂಡತಿಯ ಬೀಸುಕಲ್ಲು, ಒರಳು ಎರಡನ್ನೂ ಹೊತ್ತು ತಂದು ದೋಣಿಯ ಮುಂದೆ ಇಟ್ಟ. ದೋಣಿ ಸಮವಾಯಿತು. ಆದರೆ ಒಬ್ಬರೂ ಹತ್ತುವ ಮೊದಲೇ ನೀರು ಅಂಚಿಗೆ ಗೇಣಿನಷ್ಟು ಹತ್ತಿರ ಬಂದಿತ್ತು. ಗಾಡಿಯ ಕೆಳಗಾದರೆ ನೆಲ ಇರುತ್ತದೆ, ಇದರ ಕೆಳಗೇನಿದೆ ಎಂದು ಸಾವಂತ್ರವ್ವ ಕೇಳಿದಳು. ಯಂತ್ರದ ವಿಷಯ ಹೆಂಗಸರಿಗೆ ತಿಳಿಯುವುದಿಲ್ಲ ಎಂದ ಅವನು.

ಆಕೆ ವಾದ ಬಿಟ್ಟಳು, ಹಟ ಬಿಡಲಿಲ್ಲ. ಬೀಗರು ಬರುವ ಮುಂಜಾನೆ ದಂಡೆಯ ಬದಿ, ಸೊಂಟದುದ್ದ ನೀರಿನಲ್ಲಿ, ಉಸುಕಿನ ಚೀಲಗಳನ್ನು ದೋಣಿಯಲ್ಲಿ ಕೂರಿಸಿ ನೋಡೋಣ ಎಂದು ಗಂಡನನ್ನು ಒಪ್ಪಿಸಿದಳು. ಒಂದೊಂದಕ್ಕೂ ಹೆಸರಿಟ್ಟಳು. ಎಲ್ಲಕ್ಕಿಂತ ದಪ್ಪನೆಯದು ಬೀಗ ಉಳಿವೆಪ್ಪ, ಅದರ ಪಕ್ಕದ್ದು ಬೀಗತಿ ದಾನವ್ವ, ಸಣ್ಣದು ಅಳಿಯ. ಗುದ್ಲೆಪ್ಪ ಇಂಜಿನ್ನು ತಿರುವಿದ. ಮುಂಬದಿ ಮೇಲೆದ್ದಿತು, ಹಿಂಬದಿ ಕೆಳಗಿಳಿಯಿತು, ವರದಾ ಕರೆಯದೆಯೇ ಒಳಗೆ ಬಂದಳು. ಬೀಗರೆಲ್ಲ ನೀರುಪಾಲಾದರು.

ಸಾವಂತ್ರವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಗಂಡನಿಗೆ ಕೂಗಿ ಹೇಳಿದಳು:

"ಮದ್ಲ ಉಳಿವೆಪ್ಪನ್ನ ಎಳೀರಿ. ನೀರು ಕುಡದು ಇಮ್ಮಡಿ ಭಾರ ಆಗ್ಯಾನ. ಅವನ ಹೇಣ್ತಿ ಆಮ್ಯಾಲ ಬರ್ಲಿ."

ನೀರಿನ ಮೇಲೆ ಮಾತು ದೂರ ಹೋಗುತ್ತದೆ. ಬೀಗರು ಹೊತ್ತಿಗೆ ಮುಂಚೆಯೇ ಬಂದು ಆಚೆ ದಂಡೆಯಲ್ಲಿ ಸಾಲಾಗಿ ನಿಂತಿದ್ದರು. ಅವರ ನಡುವಿನಿಂದ ಖುದ್ದು ಉಳಿವೆಪ್ಪನ ದನಿ ಬಂತು, ಯಾರು ಮುಳುಗಿದರು ಎಂದು. ಸಾವಂತ್ರವ್ವ ಸುಳ್ಳು ಹುಡುಕಿದಳು, ಸಿಗಲಿಲ್ಲ.

"ನೀವ ರೀ, ಬೀಗ್ರ," ಎಂದಳು.

ಗುದ್ಲೆಪ್ಪ ಇಂಜಿನ್ನನ್ನೂ ಕಲ್ಲುಗಳನ್ನೂ ಇಳಿಸಿ, ನೀರು ಚೆಲ್ಲಿ, ಹುಟ್ಟು ಹಿಡಿದ. ಬೀಗರನ್ನು ದಂಡೆಯಲ್ಲೇ ಎದುರುಗೊಳ್ಳುವುದು ವಾಡಿಕೆಯಾದ್ದರಿಂದ ಕಾಲಿಗೆ ನೀರಿನ ತಂಬಿಗೆ ಹಿಡಿದು ಸಾವಂತ್ರವ್ವನೂ ಹತ್ತಿದಳು. ಒಮ್ಮೆಲೇ ಎಲ್ಲರೂ ಹಿಡಿಸುವಂತಿರಲಿಲ್ಲ. ಬೀಗರಲ್ಲಿ ಒಬ್ಬರಿಗೆ ಬಾ, ಇನ್ನೊಬ್ಬರಿಗೆ ನಿಲ್ಲು ಅಂದರೆ ಅವಮಾನ. ಏನು ಮಾಡಲಿ ಎಂದು ಆಕೆ ಒದ್ದಾಡುತ್ತಿದ್ದಾಗ, ಮುಳುಗಿದವನು ಕಡೆಗೇ ಬರುತ್ತಾನೆ ಎಂದು ಉಳಿವೆಪ್ಪ ತಾನಾಗಿಯೇ ಹಿಂದೆ ಸರಿದ. ಮುಖದಲ್ಲಿ ನಗುವಿರಲಿಲ್ಲ.

ಅಲ್ಲಿಯವರೆಗೆ ಆಚೆ ದಂಡೆಯಲ್ಲೇ ನಿಂತಿದ್ದ ಸಾವಂತ್ರವ್ವನ ಜೊತೆ ಕಡೆಯ ಸುತ್ತಿಗೆ ಅವನೊಬ್ಬನೇ ಹತ್ತಿದ. ದೋಣಿ ಗಪ್ಪನೆ ಕುಸಿಯಿತು. ನಡುನೀರಿನಲ್ಲಿ ಅವನು ಅಂಚನ್ನೂ ಆಕೆಯನ್ನೂ ನೋಡಿ ಕೇಳಿದ.

"ಖರೇ ಹೇಳ್ರಿ ಬೀಗತಿ. ಇದರಾಗ ನಾ ಎಷ್ಟು ಮಂದಿ?"

ಮಗಳ ಸಂಬಂಧ ಈ ಒಂದು ಉತ್ತರದ ಮೇಲೆ ನಿಂತಿದೆ ಎಂದು ಸಾವಂತ್ರವ್ವನಿಗೆ ಅನ್ನಿಸಿತು. ನಯದ ಮಾತುಗಳೆಲ್ಲ ಬಾಯಿಗೆ ಬಂದವು. ಆದರೆ ಬೆಳಗಿನಿಂದ ಭಾರದ ಲೆಕ್ಕ ಹಾಕಿ ಹಾಕಿ ಹೆದರಿಕೆಗಿಂತ ಬೇಸರವೇ ಹೆಚ್ಚಾಗಿತ್ತು.

"ಮೂರು ಮಂದಿ ರೀ," ಎಂದಳು.

ಗುದ್ಲೆಪ್ಪ ಹುಟ್ಟು ಹಾಕುವುದನ್ನೇ ಮರೆತ. ಉಳಿವೆಪ್ಪನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಆಮೇಲೆ ದೋಣಿ. ಇಂಥ ಮನೆಯ ಹುಡುಗಿಯೇ ಸೊಸೆಯಾಗಬೇಕು ಎಂದು ಹೇಳಲು ಹೋದವನಿಗೆ ನಗು ಬಿಡಲೊಲ್ಲದು. ಅಂಚಿನ ಮೇಲೆ ನೀರು ತುಳುಕಿತು. ಸಾವಂತ್ರವ್ವ ಎರಡೂ ಕೈಯಿಂದ ದೋಣಿ ಹಿಡಿದಳು.

"ಇಲ್ಲೆ ನಗಬ್ಯಾಡ್ರಿ ಬೀಗ್ರ. ನಿಮ್ಮ ನಗಿ ನಾವು ಲೆಕ್ಕಕ್ಕ ಹಿಡದಿಲ್ಲ."